ಬೀಳೋ ಬ್ಲಾಕ್‌ಗಳನ್ನು ಜೇಬಿಗಿಳಿಸಿದ ಗುನ್‌ಪೇ ಯೊಕೊಯಿ

ಟೆಟ್ರಿಸ್ ಮಾಡಿದ್ದು ಯಾರು ಅಂತ ಹಾಸ್ಟೆಲ್‌ನಲ್ಲಿ ಕೇಳಿ ನೋಡಿ, ಅಲೆಕ್ಸಿ ಪಾಜಿಟ್ನೊವ್ ಅನ್ನೋ ಹೆಸರನ್ನು ಒಬ್ಬರಾದರೂ ಹೇಳ್ತಾರೆ. ಉತ್ತರ ಸರಿಯೇ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಎಲೆಕ್ಟ್ರೋನಿಕಾ 60 ಎಂಬ ಯಂತ್ರದ ಮೇಲೆ ಅವರು ಆ ಆಟ ಬರೆದರು. ಆ ಯಂತ್ರಕ್ಕೆ ಚಿತ್ರ ಬಿಡಿಸೋ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನೇ ಪಕ್ಕಪಕ್ಕ ಇಟ್ಟು ಬ್ಲಾಕ್ ಅಂತ ತೋರಿಸಿದ್ದರು. ಆದರೆ ಕಂಪ್ಯೂಟರ್ ಮುಂದೆ ಕೂತು ಆಡುತ್ತಿದ್ದ ಆ ಆಟ ಬಸ್ಸಿನಲ್ಲಿ, ರೈಲಿನಲ್ಲಿ, ಕ್ಯೂನಲ್ಲಿ ನಿಂತು ಆಡೋ ಆಟ ಆಗೋದಕ್ಕೆ ಇನ್ನೊಬ್ಬ ಇಂಜಿನಿಯರ್ ಬೇಕಾಯಿತು. ಅವರ ಹೆಸರು ಗುನ್‌ಪೇ ಯೊಕೊಯಿ. ಅವರ ಕಥೆ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರು, ಅದರಲ್ಲೂ ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ, ಒಮ್ಮೆ ಓದಬೇಕಾದದ್ದು.

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಕ್ಯೋಟೋದಲ್ಲಿ. ಅಲ್ಲಿಯ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಟಾಪರ್ ಏನಲ್ಲ. ದೊಡ್ಡ ದೊಡ್ಡ ಎಲೆಕ್ಟ್ರಿಕಲ್ ಕಂಪನಿಗಳಿಗೆ ಅರ್ಜಿ ಹಾಕಿದರು, ಯಾರೂ ತಗೊಳ್ಳಲಿಲ್ಲ. ಕೊನೆಗೆ 1965ರಲ್ಲಿ ಕೆಲಸ ಸಿಕ್ಕಿದ್ದು ಊರಲ್ಲೇ ಇದ್ದ ನಿಂಟೆಂಡೊ ಎಂಬ ಕಂಪನಿಯಲ್ಲಿ. ಈಗ ಆ ಹೆಸರು ಕೇಳಿದರೆ ಕಣ್ಣರಳಿಸ್ತೀವಿ. ಆಗ ಅದು 1889ರಿಂದ ಇಸ್ಪೀಟೆಲೆ ಮಾಡುತ್ತಾ ಬಂದಿದ್ದ ಕಂಪನಿ. ಹೂವಿನ ಚಿತ್ರಗಳಿರೋ ಹನಾಫುಡ ಎಲೆಗಳು ಅದರ ಮುಖ್ಯ ಸರಕು. ಯೊಕೊಯಿಗೆ ಕೊಟ್ಟ ಕೆಲಸ, ಎಲೆ ತಯಾರಿಸೋ ಯಂತ್ರಗಳು ಕೆಟ್ಟು ನಿಲ್ಲದಂತೆ ನೋಡಿಕೊಳ್ಳೋದು. ಅಂದರೆ ಮೇಂಟೆನೆನ್ಸ್. ಯಂತ್ರ ಸರಿಯಾಗಿ ಓಡ್ತಾ ಇದ್ದರೆ ಇವರಿಗೆ ಕೆಲಸವೇ ಇಲ್ಲ.

ಕೆಲಸವಿಲ್ಲದ ಹೊತ್ತಿನಲ್ಲಿ ಅಲ್ಲೇ ಇದ್ದ ಸಾಮಾನು ಬಳಸಿ ತಮ್ಮ ಖುಷಿಗೆ ಒಂದು ಆಟದ ಕೈ ಮಾಡಿಕೊಂಡರು. ನಮ್ಮ ಅಂಗಡಿಗಳ ಮುಂದೆ ಎಳೆದು ಮುಚ್ಚೋ ಕಬ್ಬಿಣದ ಗೇಟ್ ಇರುತ್ತಲ್ಲ, ಅಡ್ಡಡ್ಡ ಪಟ್ಟಿಗಳದ್ದು, ಅದೇ ತತ್ವ. ಹಿಡಿಕೆ ಒತ್ತಿದರೆ ಪಟ್ಟಿಗಳು ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುತ್ತವೆ. ಒಂದು ದಿನ ಕಂಪನಿಯ ಯಜಮಾನ ಹಿರೋಶಿ ಯಮಾಉಚಿ ಕಣ್ಣಿಗೆ ಅದು ಬಿತ್ತು. ಕಚೇರಿಗೆ ಕರೆ ಬಂತು. ಬೈಗುಳ ಗ್ಯಾರಂಟಿ ಅಂದುಕೊಂಡೇ ಯೊಕೊಯಿ ಹೋದರು. ಸಿಕ್ಕಿದ್ದು ಅದನ್ನೇ ಮಾರಾಟದ ವಸ್ತು ಮಾಡು ಅನ್ನೋ ಆದೇಶ. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಹೆಸರಲ್ಲಿ ಬಂದ ಆ ಕೈ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮೇಂಟೆನೆನ್ಸ್ ಇಂಜಿನಿಯರ್ ಅಲ್ಲಿಂದ ಆಟಿಕೆ ಮಾಡುವವರಾದರು.

ಆಮೇಲಿನ ಹತ್ತು ಹದಿನೈದು ವರ್ಷ ಅವರು ಮಾಡಿದ ಆಟಿಕೆಗಳ ಪಟ್ಟಿ ಉದ್ದ ಇದೆ. ಒಂದನ್ನು ಮಾತ್ರ ಹೇಳಲೇಬೇಕು: 1969ರ ‘ಲವ್ ಟೆಸ್ಟರ್’. ಹುಡುಗ ಒಂದು ಲೋಹದ ಗುಂಡು ಹಿಡಿಯಬೇಕು, ಹುಡುಗಿ ಇನ್ನೊಂದು. ಇಬ್ಬರೂ ಉಳಿದ ಕೈಗಳನ್ನು ಹಿಡಿದುಕೊಂಡರೆ ಸರ್ಕ್ಯೂಟ್ ಪೂರ್ತಿ. ಮೈಯೊಳಗೆ ಹರಿಯೋ ಸಣ್ಣ ಕರೆಂಟನ್ನು ಮೀಟರಿನ ಮುಳ್ಳು ತೋರಿಸುತ್ತೆ, ಅದೇ ಪ್ರೀತಿಯ ಅಳತೆ! ಅಂಗೈ ಬೆವರಿದಷ್ಟೂ ಪ್ರೀತಿ ಜಾಸ್ತಿ. ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ನಾವು ಮುಟ್ಟಿ ಬೇಸರಪಟ್ಟ ಮೀಟರೇ ಅದು. ಒಳಗೆ ಹೊಸ ತಂತ್ರಜ್ಞಾನ ಚೂರೂ ಇಲ್ಲ. ಹೊಸದು ಇದ್ದದ್ದು ಉಪಯೋಗದಲ್ಲಿ. ಆ ಕಾಲದ ಜಪಾನಿನಲ್ಲಿ ಹುಡುಗಿಯ ಕೈ ಹಿಡಿಯೋಕೆ ಒಂದು ನೆಪ ಸಿಕ್ಕಿತಲ್ಲ, ಜನ ದುಡ್ಡು ಕೊಟ್ಟದ್ದು ಅದಕ್ಕೆ.

ಯೊಕೊಯಿ ಅವರ ಇಡೀ ಬದುಕಿನ ಸೂತ್ರ ಅಲ್ಲೇ ಇದೆ. ಬಾಡಿದ ತಂತ್ರಜ್ಞಾನವನ್ನು ಅಡ್ಡದಾರಿಯಲ್ಲಿ ಯೋಚಿಸಿ ಬಳಸೋದು ಅಂತ ಅವರು ಅದಕ್ಕೆ ಹೆಸರಿಟ್ಟಿದ್ದರು. ಬಾಡಿದ್ದು ಅಂದರೆ ಕೆಲಸಕ್ಕೆ ಬಾರದ್ದು ಅಲ್ಲ. ಸಾಕಷ್ಟು ವರ್ಷ ಎಲ್ಲರೂ ಬಳಸಿ, ಅದರ ತೊಂದರೆಗಳೆಲ್ಲ ಗೊತ್ತಾಗಿ, ಬೆಲೆ ನೆಲಕ್ಕಿಳಿದು, ಪಳಗಿಹೋದ ತಂತ್ರಜ್ಞಾನ. ಅದನ್ನು ಯಾರೂ ಊಹಿಸದ ಜಾಗಕ್ಕೆ ಒಯ್ದು ಹಾಕಬೇಕು.

70ರ ದಶಕದ ಕೊನೆಯಲ್ಲಿ ಹಾಗೆ ಪಳಗಿದ್ದು ಕ್ಯಾಲ್ಕುಲೇಟರ್. ಶಾರ್ಪ್, ಕ್ಯಾಸಿಯೊ ಕಂಪನಿಗಳ ಜಿದ್ದಾಜಿದ್ದಿಯಲ್ಲಿ ಅದರ ಬೆಲೆ ಪಾತಾಳ ಕಂಡಿತ್ತು. ಶಿಂಕಾನ್ಸೆನ್ ರೈಲಿನಲ್ಲಿ ಒಬ್ಬ ಉದ್ಯೋಗಸ್ಥ ಬೇಜಾರಿಗೆ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಾ ಕೂತಿದ್ದನ್ನು ಯೊಕೊಯಿ ನೋಡಿದರು. ದೊಡ್ಡವರು ನಾಲ್ಕು ಜನರ ನಡುವೆ ಕೂತು ಯಾರಿಗೂ ಕಾಣದಂತೆ ಆಡಬಹುದಾದ ಚಿಕ್ಕ ಆಟ ಯಾಕಿರಬಾರದು ಅನ್ನಿಸಿತು. ಯಜಮಾನರ ಕಾರಿನ ಡ್ರೈವರ್ ಬಾರದ ಒಂದು ದಿನ ಯೊಕೊಯಿ ಅವರೇ ಕಾರು ಓಡಿಸಬೇಕಾಗಿ ಬಂತು, ದಾರಿಯಲ್ಲಿ ಸುಮ್ಮನೆ ಈ ವಿಷಯ ಹೇಳಿದರು. ಯಜಮಾನರು ಹೋಗುತ್ತಿದ್ದ ಸಭೆಯಲ್ಲಿ ಅವರ ಪಕ್ಕ ಕೂತದ್ದು ಶಾರ್ಪ್ ಕಂಪನಿಯ ಮುಖ್ಯಸ್ಥರು. ಅಲ್ಲಿಗೆ ಆಯಿತಲ್ಲ! 1980ರಲ್ಲಿ ‘ಗೇಮ್ ಅಂಡ್ ವಾಚ್’ ಬಂತು. ಕ್ಯಾಲ್ಕುಲೇಟರಿನಲ್ಲಿ 8 ಅನ್ನೋ ಅಂಕಿಯ ಏಳು ಗೀಟು ಮೊದಲೇ ಅಚ್ಚಾಗಿರುವ ಹಾಗೆ, ಇದರ ಪರದೆಯಲ್ಲಿ ಗೊಂಬೆಯ ಒಂದೊಂದು ಭಂಗಿಯೂ ಮೊದಲೇ ಅಚ್ಚಾಗಿತ್ತು. ಒಂದಾದ ಮೇಲೊಂದು ಮೂಡಿಸಿದರೆ ಗೊಂಬೆ ಕುಣಿಯುತ್ತೆ. ಈ ಸರಣಿ ಒಟ್ಟು 4.3 ಕೋಟಿಗೂ ಮಿಕ್ಕಿ ಮಾರಾಟವಾಯಿತು.

ನಮ್ಮ ಕಡೆ 90ರ ದಶಕದಲ್ಲಿ ಜಾತ್ರೆ, ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುತ್ತಿದ್ದ, 9999 ಆಟ ಇದೆ ಅಂತ ಡಬ್ಬಿ ಮೇಲೆ ಸುಳ್ಳು ಬರೆದುಕೊಂಡಿದ್ದ ಚೀನಾ ಬ್ರಿಕ್ ಗೇಮ್ ನೆನಪಿದೆಯಾ? ನಿಮಗಿಲ್ಲದಿದ್ದರೆ ನಿಮ್ಮ ಅಣ್ಣ ಅಕ್ಕಂದಿರನ್ನ ಕೇಳಿ. ಅದರದ್ದೂ ಇದೇ ಜಾತಿಯ ಪರದೆ: 10 ಕಂಬ, 20 ಸಾಲು ಚೌಕಗಳು ಮೊದಲೇ ಅಚ್ಚಾಗಿರುತ್ತಿದ್ದವು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಟೆಟ್ರಿಸ್ ಬಂದದ್ದು ಹೆಸರೇ ಇಲ್ಲದೆ, ಆ ಡಬ್ಬಿಯಲ್ಲಿ.

1982ರ ಮಡಚುವ ಗೇಮ್ ಅಂಡ್ ವಾಚ್‌ಗೆ ಡಾಂಕಿ ಕಾಂಗ್ ಆಟ ಹಾಕುವಾಗ ಹೊಸ ತಲೆನೋವು ಬಂತು. ನಾಲ್ಕು ದಿಕ್ಕಿಗೂ ಓಡಾಡಿಸಬೇಕು, ಎದ್ದು ನಿಲ್ಲೋ ಜಾಯ್‌ಸ್ಟಿಕ್ ಇಟ್ಟರೆ ಡಬ್ಬಿ ಮುಚ್ಚಲ್ಲ. ಯೊಕೊಯಿ ಅಧಿಕ ಚಿಹ್ನೆಯ ಆಕಾರದ ಚಪ್ಪಟೆ ಗುಂಡಿ ಮಾಡಿದರು. ಹೆಬ್ಬೆರಳು ನೋಡದೆಯೇ ದಿಕ್ಕು ಹುಡುಕಿಕೊಳ್ಳುತ್ತೆ. ಇವತ್ತು ನೀವು ಹಿಡಿಯೋ ಯಾವುದೇ ಗೇಮ್ ಕಂಟ್ರೋಲರಿನ ಎಡಗಡೆ ನೋಡಿ, ಅದರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ.

ಇನ್ನು ಗೇಮ್ ಬಾಯ್. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ 12,500 ಯೆನ್‌ಗೆ ಮಾರುಕಟ್ಟೆಗೆ ಬಂತು. ಇದು ಯೊಕೊಯಿ ಒಬ್ಬರ ಕೂಸಲ್ಲ. ಅವರ ಬಲಗೈ ಆಗಿದ್ದ ಸತೋರು ಒಕಾಡ ಮುಂದೆ ಹೇಳಿಕೊಂಡಂತೆ, ಯೊಕೊಯಿ ಇದನ್ನೂ ಗೇಮ್ ಅಂಡ್ ವಾಚ್ ತರಹದ ಅಗ್ಗದ ಆಟಿಕೆಯಾಗಿಯೇ ನೋಡಿದ್ದರು. ಆಟಗಳ ಕ್ಯಾಸೆಟ್ ಬದಲಿಸುತ್ತಾ ವರ್ಷಗಟ್ಟಲೆ ಬಾಳೋ ಯಂತ್ರ ಆಗಬೇಕು ಅಂತ ಹಠ ಹಿಡಿದದ್ದು ಒಕಾಡ. ಇಬ್ಬರ ಜಗ್ಗಾಟದಲ್ಲಿ ಒಳ್ಳೆಯದೇ ಆಯಿತು ಅನ್ನೋದು ನನ್ನ ಲೆಕ್ಕ. ಪರದೆಯ ವಿಷಯದಲ್ಲೂ ಒದ್ದಾಟ ಇತ್ತು. ಮೊದಲು ತಂದ ಎಲ್‌ಸಿಡಿಯನ್ನು ಸ್ವಲ್ಪ ಓರೆಯಾಗಿ ಹಿಡಿದರೂ ಚಿತ್ರ ಮಾಯ. ಯಜಮಾನರು ಮುಖ ಗಂಟಿಕ್ಕಿದರು. ಬೇರೆ ಜಾತಿಯ ಎಲ್‌ಸಿಡಿಗೆ ಬದಲಾಯಿಸಿ ಬಚಾವಾದರು.

ಬಣ್ಣ ಬೇಡ ಅನ್ನೋದು ಮಾತ್ರ ಯೊಕೊಯಿ ಅವರ ಪಕ್ಕಾ ನಿರ್ಧಾರ. 160 ಅಡ್ಡ, 144 ಉದ್ದ ಚುಕ್ಕಿ, ಹಸಿರು ಛಾಯೆಯ ನಾಲ್ಕೇ ನಾಲ್ಕು ಮಟ್ಟ. ಹಿಂದೆ ಬೆಳಕಿಲ್ಲ. ಸುಮಾರು 4 ಮೆಗಾಹರ್ಟ್ಸ್‌ನ 8 ಬಿಟ್ ಪ್ರೊಸೆಸರ್, 8 ಕಿಲೋಬೈಟ್ ಮೆಮೊರಿ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ನಲ್ಲಿ ಬಣ್ಣವೂ ಇತ್ತು, ಬೆಳಕೂ ಇತ್ತು. ಮರುವರ್ಷದ ಸೆಗಾ ಗೇಮ್ ಗಿಯರ್‌ನಲ್ಲೂ ಅಷ್ಟೇ. ಆದರೆ ಅವು ಆರಾರು ಪೆನ್‌ಸೆಲ್ ನುಂಗಿ ನಾಲ್ಕೈದು ಗಂಟೆಗೆ ಸುಸ್ತಾಗುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲಿಗೆ ಹತ್ತು ಗಂಟೆ ದಾಟಿ ಓಡುತ್ತಿತ್ತು. ಪಾಕೆಟ್ ಮನಿಯಲ್ಲಿ ಸೆಲ್ ಕೊಳ್ಳೋ ಹುಡುಗನಿಗೆ ಯಾವ ಸ್ಪೆಸಿಫಿಕೇಶನ್ ಮುಖ್ಯ ಅಂತ ಹೇಳಬೇಕಾಗಿಲ್ಲ.

ಇಂಥ ಯಂತ್ರಕ್ಕೆ ಟೆಟ್ರಿಸ್ ಹೇಳಿ ಮಾಡಿಸಿದ ಹಾಗಿತ್ತು. ಹೆಂಕ್ ರೋಜರ್ಸ್ ಎಂಬ ವ್ಯಾಪಾರಿ 1989ರ ಫೆಬ್ರವರಿಯಲ್ಲಿ ಮಾಸ್ಕೋಗೆ ಹಾರಿ ಕೈಯಲ್ಲಿ ಹಿಡಿದು ಆಡೋ ಯಂತ್ರಗಳ ಹಕ್ಕು ತಂದರು. ಅಮೆರಿಕದಲ್ಲಿ ಗೇಮ್ ಬಾಯ್ ಡಬ್ಬಿಯೊಳಗೆ ಮಾರಿಯೋ ಬದಲು ಟೆಟ್ರಿಸ್ ಇಡಿ, ಮಕ್ಕಳಷ್ಟೇ ಅಲ್ಲ ಎಲ್ಲರೂ ಕೊಳ್ತಾರೆ ಅಂತ ನಿಂಟೆಂಡೊದವರನ್ನು ಒಪ್ಪಿಸಿದ್ದೂ ಅವರೇ. ಈಗ ಆ ಯಂತ್ರ ಕೈಗೆ ಸಿಕ್ಕರೆ ಏನಾಗುತ್ತೆ ನೋಡಿ. ಹಿಂಭಾಗದಲ್ಲಿ ಕ್ಯಾಸೆಟ್ ತೂರಿಸಿ, ಮೇಲಿನ ಸ್ವಿಚ್ ಸರಿಸಬೇಕು. ಕಂಪನಿಯ ಹೆಸರು ಪರದೆಯ ಮೇಲಿಂದ ನಿಧಾನಕ್ಕೆ ಇಳಿದು ಬಂದು ಡಿಂಗ್ ಅನ್ನುತ್ತೆ. ಅದಾದ ಮೇಲೆ 256 ಬೈಟ್‌ನ ಬೂಟ್ ಪ್ರೋಗ್ರಾಂ ಕ್ಯಾಸೆಟ್ಟಿನಲ್ಲಿರೋ ಲೋಗೋವನ್ನು ತನ್ನಲ್ಲಿರೋದರ ಜೊತೆ ತಾಳೆ ನೋಡುತ್ತೆ. ಹೊಂದದಿದ್ದರೆ ಅಲ್ಲೇ ಸ್ಟಾಪ್. ಪಕ್ಕದ ಚಿಕ್ಕ ಚಕ್ರ ತಿರುಗಿಸಿ ಕಾಂಟ್ರಾಸ್ಟ್ ಸರಿಮಾಡಿಕೊಂಡು, ಕಿಟಕಿ ಕಡೆ ತಿರುಗಿ ಕೂರಬೇಕು. ಇಡೀ ಆಟ 32 ಕಿಲೋಬೈಟ್! ನಾವು ಕಳಿಸೋ ಒಂದು ವಾಟ್ಸಾಪ್ ಫೋಟೋ ಅದಕ್ಕಿಂತ ದೊಡ್ಡದು.

ಎ-ಟೈಪ್ ಆರಿಸಿದರೆ ಸೋಲೋವರೆಗೂ ಆಟ, ಬಿ-ಟೈಪ್ ಆದರೆ 25 ಸಾಲು ತೆಗೆದರೆ ಮುಗೀತು. ಏಳು ಆಕಾರಗಳು, ಒಂದೊಂದರಲ್ಲೂ ನಾಲ್ಕು ಚೌಕ. ಎ ಬಟನ್ ಒಂದು ದಿಕ್ಕಿಗೆ ತಿರುಗಿಸುತ್ತೆ, ಬಿ ಇನ್ನೊಂದು ದಿಕ್ಕಿಗೆ. ಅಧಿಕ ಚಿಹ್ನೆಯ ಗುಂಡಿಯಲ್ಲಿ ಎಡ, ಬಲ, ಕೆಳಕ್ಕೆ. ಮೇಲಕ್ಕೆ ಒತ್ತಿದರೆ ಏನೂ ಇಲ್ಲ. ಈಗಿನ ಆಟಗಳ ಹಾಗೆ ತಟ್ಟನೆ ಕೆಳಗೆ ಕುಕ್ಕೋಕೆ ಆಗಲ್ಲ, ಬ್ಲಾಕ್ ಎಲ್ಲಿ ಕೂರುತ್ತೆ ಅಂತ ನೆರಳೂ ತೋರಿಸಲ್ಲ. ಒಂದೇ ಸಲಕ್ಕೆ ಒಂದು ಸಾಲು ತೆಗೆದರೆ ಮೊದಲ ಹಂತದಲ್ಲಿ 40 ಅಂಕ, ನಾಲ್ಕು ಸಾಲು ಒಟ್ಟಿಗೆ ತೆಗೆದರೆ 1200. ಅದಕ್ಕೇ ಎಲ್ಲರೂ ಒಂದು ಪಕ್ಕದ ಕಂಬ ಖಾಲಿ ಬಿಟ್ಟುಕೊಂಡು ಉದ್ದ ಕೋಲಿಗಾಗಿ ದೇವರಿಗೆ ಹರಕೆ ಹೊರೋದು.

ಇಲ್ಲಿ ಒಂದು ಲೆಕ್ಕ ನನಗೆ ಬಹಳ ಇಷ್ಟ. ಗೇಮ್ ಬಾಯ್ ಚಿತ್ರ ಬಿಡಿಸೋದು 8 ಚುಕ್ಕಿ ಅಡ್ಡ, 8 ಚುಕ್ಕಿ ಉದ್ದದ ಹಂಚುಗಳಲ್ಲಿ. 144ನ್ನು 8ರಿಂದ ಭಾಗಿಸಿ: 18. ಟಿವಿಯ ಟೆಟ್ರಿಸ್‌ನಲ್ಲಿ 20 ಸಾಲು ಇದ್ದರೆ ಇಲ್ಲಿ ಸರಿಯಾಗಿ 18, ಪರದೆಯ ತುದಿಯಿಂದ ತುದಿಗೆ. ಒಂದು ಹಂಚಿಗೆ ಒಂದು ಚೌಕ. ಇನ್ನು ಆ ಅಗ್ಗದ ಎಲ್‌ಸಿಡಿಯ ದೊಡ್ಡ ರೋಗ ಅಂದರೆ, ವೇಗವಾಗಿ ಓಡೋ ಚಿತ್ರ ಬಾಲದ ಹಾಗೆ ಮಸುಕಾಗುತ್ತೆ. ಟೆಟ್ರಿಸ್‌ನಲ್ಲಿ ಬ್ಲಾಕ್ ಓಡಲ್ಲ, ಮೊದಲ ಹಂತದಲ್ಲಿ ಸುಮಾರು ಸೆಕೆಂಡಿಗೊಂದು ಮೆಟ್ಟಿಲು ಇಳಿಯುತ್ತೆ. ಬಣ್ಣ ಇಲ್ಲದಿದ್ದರೂ ತೊಂದರೆಯಿಲ್ಲ, ಆಕಾರವೇ ಗುರುತು. ಯಂತ್ರದ ಒಂದೊಂದು ಕೊರತೆಯೂ ಈ ಆಟದಲ್ಲಿ ಕೊರತೆ ಅನ್ನಿಸೋದೇ ಇಲ್ಲ.

ಎರಡು ಯಂತ್ರಕ್ಕೆ ಕೇಬಲ್ ಸಿಕ್ಕಿಸಿದರೆ ಇಬ್ಬರ ಜಗಳ. ನೀವು ಎರಡು ಸಾಲು ತೆಗೆದರೆ ಎದುರಾಳಿಯ ರಾಶಿ ಕೆಳಗಿನಿಂದ ಒಂದು ಸಾಲು ಏರುತ್ತೆ, ಮೂರಕ್ಕೆ ಎರಡು, ನಾಲ್ಕಕ್ಕೆ ನಾಲ್ಕು. ಆ ತಂತಿಯಲ್ಲಿ ಹರಿಯೋದು ಸೆಕೆಂಡಿಗೆ ಬರೀ 8192 ಬಿಟ್, ಆದರೂ ಸ್ನೇಹ ಕೆಡಿಸೋಕೆ ಸಾಕು. ಈ ಟೆಟ್ರಿಸ್ ಸುಮಾರು 3.5 ಕೋಟಿ ಮಾರಾಟವಾಯಿತು. 1993ರಲ್ಲಿ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ಇದನ್ನು ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೂ ಒಯ್ದರು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ 11.8 ಕೋಟಿ ದಾಟಿದವು. ಯೊಕೊಯಿ ಅವರ ತಂಡವೂ 1990ರಲ್ಲಿ ‘ಡಾಕ್ಟರ್ ಮಾರಿಯೋ’ ಎಂಬ ತನ್ನದೇ ಬೀಳೋ ಆಟ ತಂದಿತು. ಅದರಲ್ಲಿ ಬ್ಲಾಕ್ ಬದಲು ಮಾತ್ರೆಗಳು ಬೀಳುತ್ತವೆ.

1995ರಲ್ಲಿ ಮಾತ್ರ ಲೆಕ್ಕ ತಪ್ಪಿತು. ‘ವರ್ಚುವಲ್ ಬಾಯ್’ ಅಂತ, ಮುಖ ಒತ್ತಿ ಒಳಗೆ ಇಣುಕಿ ನೋಡೋ ಯಂತ್ರ. ಕೆಂಪು ಎಲ್‌ಇಡಿ ಅಗ್ಗ ಅಂತ ಅದನ್ನೇ ಹಾಕಿದರು, ಇಡೀ ಲೋಕ ಕೆಂಪು ಮತ್ತು ಕಪ್ಪು. ಆಡಿದವರಿಗೆ ತಲೆನೋವು, ಕತ್ತುನೋವು. ಜೇಬಿಗೂ ಇಳಿಯಲ್ಲ, ಪಕ್ಕದವರಿಗೂ ಏನೂ ಕಾಣಲ್ಲ. ಸೂತ್ರ ಹಳೆಯದೇ, ಆದರೆ ಕ್ಯಾಲ್ಕುಲೇಟರ್ ಒತ್ತುತ್ತಿದ್ದ ಆ ರೈಲಿನ ಮನುಷ್ಯ ಈ ಸಲ ಲೆಕ್ಕದಲ್ಲಿ ಇರಲಿಲ್ಲ ಅನ್ನಿಸುತ್ತೆ ನನಗೆ. 8 ಲಕ್ಷವೂ ಮಾರಾಟವಾಗದೆ ಒಂದು ವರ್ಷದೊಳಗೆ ನಿಂತುಹೋಯಿತು. ಅಮೆರಿಕದಲ್ಲಿ ಅದಕ್ಕೆ ಬಂದ ಕೊನೆಯ ಆಟಗಳಲ್ಲಿ ಒಂದು, ಮೂರು ಆಯಾಮದ ಟೆಟ್ರಿಸ್.

1996ರ ಆಗಸ್ಟ್‌ನಲ್ಲಿ, 31 ವರ್ಷ ದುಡಿದ ಕಂಪನಿಯನ್ನು ಯೊಕೊಯಿ ಬಿಟ್ಟರು. ಸೋಲಿನ ಅವಮಾನಕ್ಕೆ ಬಿಟ್ಟರು ಅಂತ ಎಲ್ಲರೂ ಬರೆದರು. ಅವರು ಒಪ್ಪಲಿಲ್ಲ, ಐವತ್ತರ ಆಸುಪಾಸಿನಲ್ಲಿ ಬಿಟ್ಟು ಸ್ವಂತ ಕೆಲಸ ಮಾಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ ಎಂಬುದು ಅವರ ವಿವರಣೆ. ಹೊರಡೋ ಮುಂಚೆ ಇನ್ನೂ ತೆಳ್ಳಗಿನ, ಸ್ವಚ್ಛ ಕಪ್ಪುಬಿಳುಪು ಪರದೆಯ ಗೇಮ್ ಬಾಯ್ ಪಾಕೆಟ್ ಮುಗಿಸಿಕೊಟ್ಟು ಹೋದರು. ಕ್ಯೋಟೋದಲ್ಲೇ ಕೋಟೋ ಎಂಬ ಚಿಕ್ಕ ಕಂಪನಿ ಶುರು ಮಾಡಿ, ಬಂಡಾಯ್ ಕಂಪನಿಗಾಗಿ ‘ವಂಡರ್‌ಸ್ವಾನ್’ ಎಂಬ ಹೊಸ ಕೈಯಂತ್ರದ ಕೆಲಸಕ್ಕೆ ಕೂತರು.

1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೊಕುರಿಕು ಎಕ್ಸ್‌ಪ್ರೆಸ್‌ವೇಯಲ್ಲಿ ಅವರಿದ್ದ ಕಾರು ಇನ್ನೊಂದು ವಾಹನಕ್ಕೆ ತಗುಲಿತು. ಏನಾಗಿದೆ ನೋಡಲು ಕೆಳಗಿಳಿದ ಯೊಕೊಯಿ ಅವರಿಗೆ ಹಿಂದಿನಿಂದ ಬಂದ ಕಾರು ಬಡಿಯಿತು. 56 ವರ್ಷ.

ವಂಡರ್‌ಸ್ವಾನ್ 1999ರ ಮಾರ್ಚ್‌ನಲ್ಲಿ ಬಂತು. ಬಣ್ಣ ಇಲ್ಲ, ಬೇಕಿದ್ದದ್ದು ಒಂದೇ ಒಂದು ಪೆನ್‌ಸೆಲ್. ಅದರ ಜೊತೆ ಬಂದ ಪಜಲ್ ಆಟಕ್ಕೆ ಅವರದ್ದೇ ಹೆಸರು, ‘ಗುನ್‌ಪೇ’. ಗೀಟುಗಳಿರೋ ಚೌಕಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡಿ ಎಡತುದಿಯಿಂದ ಬಲತುದಿಗೆ ಒಂದೇ ಗೆರೆ ಕೂಡಿಸಬೇಕು, ಕೂಡಿದರೆ ಗೆರೆ ಮಾಯ. ಅದರಲ್ಲಿ ಚೌಕಗಳು ಮೇಲಿಂದ ಬೀಳಲ್ಲ, ಕೆಳಗಿನಿಂದ ಏರುತ್ತಾ ಬರುತ್ತವೆ.