ಗ್ರೆಗರ್ ಮೆಂಡೆಲ್: ಮಲ್ಲಿಗೆಯ ಪರಿಮಳಕ್ಕೊಂದು ಪಾಠ

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಭಾಗದ ರೈತ ಬಾಂಧವರೇ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯನ್ನು ತಾವು ಬೀಜದಿಂದಲ್ಲದೆ ಕಡ್ಡಿಯಿಂದ ಬೆಳೆಸುವಿರಿ. ಇದರ ಮರ್ಮವನ್ನು ಅರಿಯಲು ಗ್ರೆಗರ್ ಮೆಂಡೆಲ್ ಅವರ ಬದುಕನ್ನು ತಿಳಿಯುವುದು ಉಪಯುಕ್ತ.

ಇಂದಿನ ಜೆಕ್ ದೇಶದ ರೈತ ಕುಟುಂಬವೊಂದರಲ್ಲಿ 1822ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತೋಟಗಾರಿಕೆ ಹಾಗೂ ಜೇನುಸಾಕಣೆಯನ್ನು ಕಲಿತರು. ಬಡತನದ ಕಾರಣ 1843ರಲ್ಲಿ ಬ್ರ್ನೋ ನಗರದ ಮಠವನ್ನು ಸೇರಿದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ 1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಪರಿಶೀಲಿಸಿದರು. ನೇರಳೆ ಹೂವಿನ ಗಿಡವನ್ನು ಬಿಳಿ ಹೂವಿನ ಗಿಡದೊಡನೆ ಸಂಕರಿಸಿದಾಗ ಮೊದಲ ಪೀಳಿಗೆಯಲ್ಲಿ ಬಿಳಿ ಬಣ್ಣ ಮರೆಯಾಯಿತು. ಎರಡನೆಯ ಪೀಳಿಗೆಯ 929 ಗಿಡಗಳಲ್ಲಿ 224 ಬಿಳಿ ಹೂ ಬಿಟ್ಟವು. 1866ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಗಮನಿಸಿದವರು ವಿರಳ. 1884ರಲ್ಲಿ ಅವರು ನಿಧನರಾದರು. 1900ರಲ್ಲಷ್ಟೇ ವಿಜ್ಞಾನ ಲೋಕ ಅದರ ಮಹತ್ವವನ್ನು ಕಂಡುಕೊಂಡಿತು.

ಅವರು ಊಹಿಸಿದ ಅಂಶಗಳೇ ಇಂದಿನ ವಂಶವಾಹಿಗಳು. ಮಲ್ಲಿಗೆಯ ಎಸಳುಗಳಲ್ಲಿ ಇವುಗಳ ಸೂಚನೆಯಂತೆ ಕಿಣ್ವಗಳು ರೂಪುಗೊಂಡು, ಮೊಗ್ಗು ಅರಳುವ ವೇಳೆಗೆ ಲಿನಲೂಲ್, ಬೆಂಜೈಲ್ ಅಸಿಟೇಟ್ ಮೊದಲಾದ ಸುಗಂಧ ದ್ರವ್ಯಗಳನ್ನು ತಯಾರಿಸುತ್ತವೆ. ಬೀಜದ ಸಸಿಯಲ್ಲಿ ವಂಶವಾಹಿಗಳು ಬೇರ್ಪಟ್ಟು ಹೊಸದಾಗಿ ಕೂಡುವುದರಿಂದ ಪರಿಮಳ ಬದಲಾಗಬಹುದು. ಕಡ್ಡಿಯಲ್ಲಾದರೋ ತಾಯಿಗಿಡದ ವಂಶವಾಹಿಗಳು ಯಥಾವತ್ತಾಗಿ ಉಳಿಯುತ್ತವೆ. ಗುಣದಂತೆ ದೋಷವೂ ಹಾಗೆಯೇ ಸಾಗಿಬರುತ್ತದೆ. ಆದುದರಿಂದ ಹೂ ಬಿಡುವ ಕಾಲದಲ್ಲಿಯೇ ಉತ್ತಮ ಪರಿಮಳದ, ರೋಗರಹಿತ ಗಿಡಗಳನ್ನು ಗುರುತಿಸಿಟ್ಟು, ಅವುಗಳಿಂದ ಮಾತ್ರ ಕಡ್ಡಿಗಳನ್ನು ತೆಗೆದು ನಾಟಿ ಮಾಡಿರಿ.