ಅಣ್ಣ ಕಟ್ಟಿದ ಯಂತ್ರ, ತಮ್ಮ ತೆಗೆದ ಚಿತ್ರ

ಮಗನೋ ಮಗಳೋ ಸಂಶೋಧನೆಗೆಂದು ಜರ್ಮನಿಗೆ ಹೋಗಿರುವ ಮನೆಗಳಲ್ಲಿ ಯೂಲಿಶ್ ಎಂಬ ಊರಿನ ಹೆಸರು ಕೇಳಿರಬಹುದು. ಅಲ್ಲಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೇಂದ್ರಕ್ಕೆ ಎರ್ನ್‌ಸ್ಟ್ ರುಸ್ಕಾ ಅವರ ಹೆಸರಿದೆ. ಬ್ಯಾಕ್ಟೀರಿಯಾವನ್ನೂ ಅದನ್ನು ಕೊಲ್ಲುವ ವೈರಸ್ಸನ್ನೂ ಒಂದೇ ಚಿತ್ರದಲ್ಲಿ ನೋಡಲು ಸಾಧ್ಯವಾದದ್ದು ಇವರು ಕಟ್ಟಿದ ಯಂತ್ರದಿಂದ.

ರುಸ್ಕಾ ಹುಟ್ಟಿದ್ದು 1906ರ ಡಿಸೆಂಬರ್ 25ರಂದು, ಹೈಡೆಲ್‌ಬರ್ಗ್‌ನಲ್ಲಿ. ತಂದೆ ಯೂಲಿಯಸ್ ವಿಜ್ಞಾನದ ಇತಿಹಾಸ ಬರೆದ ವಿದ್ವಾಂಸರು. ಮನೆಯಲ್ಲಿ ಜೈಸ್ ಕಂಪನಿಯ ದೊಡ್ಡ ಸೂಕ್ಷ್ಮದರ್ಶಕವಿತ್ತು. ತಂದೆ ಆಗಾಗ ಏನಾದರೂ ತೋರಿಸುತ್ತಿದ್ದರು. ಮಕ್ಕಳು ಮಾತ್ರ ಮುಟ್ಟುವಂತಿರಲಿಲ್ಲ. ಎರ್ನ್‌ಸ್ಟ್ ಎಂಜಿನಿಯರ್ ಆದರು. ಒಂದೂವರೆ ವರ್ಷಕ್ಕೆ ಕಿರಿಯ ತಮ್ಮ ಹೆಲ್ಮುಟ್ ವೈದ್ಯರಾದರು.

ಬೆಳಕಿನ ಅಲೆಯ ಅರ್ಧದಷ್ಟು ಉದ್ದಕ್ಕಿಂತ ಚಿಕ್ಕ ವಿವರ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಬ್ಯಾಕ್ಟೀರಿಯಾ ಕಾಣುತ್ತದೆ, ವೈರಸ್ ಕಾಣದು. ಬ್ಯಾಕ್ಟೀರಿಯಾವನ್ನು ಒಡೆದು ಹಾಕುವ ಏನೋ ಒಂದಿದೆ ಎಂದು ಫೆಲಿಕ್ಸ್ ದ ಹೆರೆಲ್ 1917ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿ, ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟಿದ್ದರು. ಅದು ಕಣವೋ, ಬರೀ ಕಿಣ್ವವೋ ಎಂಬ ವಾದ ಇಪ್ಪತ್ತು ವರ್ಷ ಕಳೆದರೂ ಮುಗಿದಿರಲಿಲ್ಲ. ಕಣ್ಣಾರೆ ಕಂಡವರೇ ಇರಲಿಲ್ಲವಲ್ಲ!

ಬರ್ಲಿನ್‌ನಲ್ಲಿ ರುಸ್ಕಾ ಬೆಳಕಿನ ಬದಲು ಎಲೆಕ್ಟ್ರಾನ್ ಹಿಡಿದರು, ಗಾಜಿನ ಮಸೂರದ ಬದಲು ತಂತಿಸುರುಳಿಯ ಕಾಂತಕ್ಷೇತ್ರ. 1931ರಲ್ಲಿ ಮಾಕ್ಸ್ ಕ್ನೋಲ್ ಜತೆ ಕಟ್ಟಿದ ಮೊದಲ ಉಪಕರಣ ಸುಮಾರು 17 ಪಟ್ಟು ಮಾತ್ರ ಹಿಗ್ಗಿಸಿ ತೋರಿಸುತ್ತಿತ್ತು. 1933ರ ಯಂತ್ರ 12,000 ಪಟ್ಟಿಗೆ ಏರಿತು. ಆದರೆ ಹಣ ಹಾಕುವವರಿಲ್ಲ. ಎಲೆಕ್ಟ್ರಾನ್‌ಗಳ ಬಿಸಿಗೆ ಜೀವಕೋಶ ಸುಟ್ಟು ಕರಕಲಾಗುತ್ತದೆ, ಇದರಿಂದ ವೈದ್ಯರಿಗೇನು ಲಾಭ ಎಂಬುದು ಹಲವರ ಆಕ್ಷೇಪ. ಹೊಟ್ಟೆಪಾಡು ನಡೆಯಬೇಕು. ರುಸ್ಕಾ ಟೆಲಿವಿಷನ್ ತಯಾರಿಸುವ ಕಂಪನಿಗೆ ಸೇರಿದರು.

ನಂಬಿಕೆ ಕಳೆದುಕೊಳ್ಳದವರಲ್ಲಿ ತಮ್ಮನೂ ಒಬ್ಬರು. ಹೆಲ್ಮುಟ್ ತಮ್ಮ ಗುರು, ಶಾರಿಟೆ ಆಸ್ಪತ್ರೆಯ ಪ್ರೊಫೆಸರ್ ರಿಚರ್ಡ್ ಸೀಬೆಕ್ ಅವರನ್ನು ಒಪ್ಪಿಸಿದರು. ಈ ಯಂತ್ರ ರೋಗಾಣುಗಳ ಅಧ್ಯಯನಕ್ಕೆ ಎಷ್ಟು ಬೇಕು ಎಂದು ಸೀಬೆಕ್ 1936ರಲ್ಲಿ ಬರೆದುಕೊಟ್ಟ ಅಭಿಪ್ರಾಯ ಪತ್ರ ಕೆಲಸ ಮಾಡಿತು. ಮರುವರ್ಷ ಸೀಮೆನ್ಸ್ ಕಂಪನಿ ಬರ್ಲಿನ್‌ನ ಸ್ಪಾಂಡೌನಲ್ಲಿ ಪ್ರಯೋಗಾಲಯ ತೆರೆಯಿತು. ರುಸ್ಕಾ ಜತೆಗೆ ಅಲ್ಲಿ ದುಡಿದ ಬೋಡೊ ಫಾನ್ ಬೊರೀಸ್ ಅವರ ತಂಗಿಯ ಗಂಡ. ಒಟ್ಟಿನಲ್ಲಿ ಮನೆಮಂದಿಯ ಕೆಲಸವೇ ಅನ್ನಿ. 1939ರ ಕೊನೆಗೆ ಮಾರಾಟದ ಮೊದಲ ಯಂತ್ರ ಹೊರಬಂತು.

1940ರಲ್ಲಿ ಹೆಲ್ಮುಟ್ ಫೇಜ್‌ಗಳ ಚಿತ್ರ ಪ್ರಕಟಿಸಿದರು. ಬ್ಯಾಕ್ಟೀರಿಯಾದ ಗೋಡೆಗೆ ಅಂಟಿಕೊಂಡ ಪುಟ್ಟ ಕಣಗಳು, ಪಕ್ಕದಲ್ಲಿ ಒಡೆದು ಒಳಗಿನದೆಲ್ಲ ಚೆಲ್ಲಿಹೋದ ಬ್ಯಾಕ್ಟೀರಿಯಾ. ಕಣವೇ ಹೌದು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು. ಅಣ್ಣ ಸಿದ್ಧಪಡಿಸಿದ ಯಂತ್ರದಲ್ಲಿ ತಮ್ಮ ಏನನ್ನು ನೋಡಬೇಕು ಎಂದು ತಿಳಿದವರಾಗಿದ್ದರು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಈ ಚಿತ್ರ ಅಷ್ಟು ಬೇಗ ಬರುತ್ತಿರಲಿಲ್ಲ.

1944ರಲ್ಲಿ ಬಾಂಬ್ ಬಿದ್ದು ಪ್ರಯೋಗಾಲಯ ಹಾಳಾಯಿತು. ಯುದ್ಧದ ನಂತರ ರುಸ್ಕಾ ಬರ್ಲಿನ್‌ನಲ್ಲೇ ಹೊಸ ಯಂತ್ರಗಳನ್ನು ರೂಪಿಸುತ್ತ ಉಳಿದರು. ಹೆಲ್ಮುಟ್ ಕೆಲವು ವರ್ಷ ಅಮೆರಿಕದ ಆಲ್ಬನಿಯಲ್ಲಿದ್ದು, ಡ್ಯುಸೆಲ್‌ಡಾರ್ಫ್‌ಗೆ ಮರಳಿದರು.

ನೊಬೆಲ್ ಬಂದದ್ದು 1986ರಲ್ಲಿ. ರುಸ್ಕಾ ಅವರಿಗೆ 80 ತುಂಬಲು ಹದಿನೈದೇ ದಿನ ಬಾಕಿ. ಕ್ನೋಲ್, ಫಾನ್ ಬೊರೀಸ್ ಆಗಲೇ ಇರಲಿಲ್ಲ. ಹೆಲ್ಮುಟ್ 1973ರಲ್ಲೇ ತೀರಿಕೊಂಡಿದ್ದರು. ನೊಬೆಲ್ ಉಪನ್ಯಾಸದಲ್ಲಿ ರುಸ್ಕಾ ತಮ್ಮನ ಪಾತ್ರವನ್ನೂ, ಸೀಬೆಕ್ ಅವರ ಆ ಹಳೆಯ ಪತ್ರವನ್ನೂ ನೆನೆದರು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1988ರ ಮೇ 27ರಂದು, ಬರ್ಲಿನ್‌ನಲ್ಲಿ ಅವರು ಕಣ್ಣುಮುಚ್ಚಿದರು.