ಕ್ಷ-ಕಿರಣ ಕಂಡ ರಾಂಟ್‌ಜೆನ್

ವಿಲ್‌ಹೆಲ್ಮ್ ರಾಂಟ್‌ಜೆನ್ 1845ರ ಮಾರ್ಚ್ 27ರಂದು ಜರ್ಮನಿಯ ಲೆನ್ನೆಪ್ ಎಂಬ ಊರಿನಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ತಾಯಿ ಹಾಲೆಂಡಿನವರು, ಬಾಲ್ಯ ಕಳೆದದ್ದೂ ಅಲ್ಲಿಯೇ. ಉಟ್ರೆಕ್ಟ್‌ನ ಶಾಲೆಯಲ್ಲಿ ಯಾರೋ ಅಧ್ಯಾಪಕರ ವ್ಯಂಗ್ಯಚಿತ್ರ ಬರೆದರು. ಬರೆದವನ ಹೆಸರು ಹೇಳಲು ಒಪ್ಪದ ರಾಂಟ್‌ಜೆನ್ನರನ್ನೇ ಶಾಲೆಯಿಂದ ಹೊರಹಾಕಲಾಯಿತು. ಮುಂದೆ ಓದಿ ಪದವಿ ಪಡೆದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ. ಅಲ್ಲಿ ಪರಿಚಯವಾದ ಬರ್ತಾ ಅವರನ್ನು 1872ರಲ್ಲಿ ವಿವಾಹವಾದರು. ಮಕ್ಕಳಾಗಲಿಲ್ಲ, ಬರ್ತಾ ಅವರ ಸಹೋದರನ ಆರು ವರ್ಷದ ಮಗಳನ್ನು ಮನೆಗೆ ಕರೆತಂದು ಸಾಕಿದರು.

1895ರ ನವೆಂಬರ್ 8ರಂದು ವೂರ್ತ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕಪ್ಪು ಕಾಗದ ಮುಚ್ಚಿದ ಗಾಜಿನ ಕೊಳವೆಗೆ ಅವರು ವಿದ್ಯುತ್ ಹರಿಸಿದಾಗ, ಆಚೆ ಇದ್ದ ಲೇಪ ಹಚ್ಚಿದ ಪರದೆ ಮಿನುಗಿತು. ಡಿಸೆಂಬರ್ 22ರಂದು ಪತ್ನಿಯ ಕೈಯ ಚಿತ್ರ ತೆಗೆದರು. ಎಲುಬುಗಳೂ ಬೆರಳಿನ ಉಂಗುರವೂ ಮೂಡಿದವು. ತಮ್ಮ ಮರಣವನ್ನೇ ಕಂಡಂತೆ ಬರ್ತಾ ಬೆಚ್ಚಿದರಂತೆ. ಮರುವರ್ಷವೇ ವೈದ್ಯರು ಈ ಕಿರಣದಿಂದ ಮುರಿದ ಮೂಳೆಗಳನ್ನು ನೋಡತೊಡಗಿದರು. ರಾಂಟ್‌ಜೆನ್ ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಬಂದಾಗ ಅದರ ಹಣವನ್ನೂ ವಿಶ್ವವಿದ್ಯಾಲಯಕ್ಕೇ ಕೊಟ್ಟರು.

ಹೀಗೆ ಎಲ್ಲರ ಪಾಲಿಗೂ ದೊರೆತ ಈ ಕಿರಣ ಇಂದು ಕ್ಯಾನ್ಸರ್ ರೋಗಿಗಳಿಗೆ ಬಹಳ ಬೇಕಾಗಿದೆ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿಗಳ ಕ್ಯಾನ್ಸರ್ ಎಲುಬಿಗೆ ಹರಡುವುದುಂಟು. ಗೆದ್ದಲು ಹಿಡಿದ ತೊಲೆಯಂತೆ ಒಳಗೇ ದುರ್ಬಲವಾದ ಮೂಳೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಮುರಿಯಬಹುದು. ಬಿದ್ದಿಲ್ಲ, ಪೆಟ್ಟಾಗಿಲ್ಲ, ಹಾಗಾಗಿ ಮನೆಯವರು ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಇದು ನಮ್ಮ ಕುಟುಂಬಗಳಲ್ಲಿ ತೀರಾ ಸಾಮಾನ್ಯ. ತೊಡೆಯ ಮೂಳೆ ಸವೆದಿರುವುದು ಎಕ್ಸ್-ರೇಯಲ್ಲಿ ಮೊದಲೇ ಕಂಡರೆ, ಮುರಿಯುವ ಮುನ್ನವೇ ಶಸ್ತ್ರಚಿಕಿತ್ಸೆ ಮಾಡಿ ಲೋಹದ ಸರಳನ್ನು ಕೂರಿಸಬಹುದು.

ಆದರೆ ಒಂದು ಮಾತು ನೆನಪಿರಲಿ. ಎಲುಬಿನ ಖನಿಜಾಂಶ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ನಷ್ಟವಾಗುವವರೆಗೂ ಸಾಧಾರಣ ಎಕ್ಸ್-ರೇಯಲ್ಲಿ ಅದು ಕಾಣದೆ ಹೋಗಬಹುದು. ಚಿತ್ರ ಚೆನ್ನಾಗಿದೆ, ನೋವು ಮಾತ್ರ ಬಿಡುತ್ತಿಲ್ಲ ಎಂದಾದರೆ ಮತ್ತೆ ವೈದ್ಯರನ್ನು ಕೇಳಬೇಕು. ಬೋನ್ ಸ್ಕ್ಯಾನ್ ಇಡೀ ದೇಹದ ಎಲುಬುಗಳನ್ನು ಒಮ್ಮೆಲೇ ತೋರಿಸುತ್ತದೆ. ಆದರೆ ಸಂಧಿವಾತವೂ ಅದರಲ್ಲಿ ಕಲೆಯಾಗಿ ಕಾಣುವುದರಿಂದ ಅದೊಂದನ್ನೇ ನಂಬಲಾಗದು. ಬೆನ್ನುಮೂಳೆ ಕುಸಿದದ್ದು ವಯಸ್ಸಿನಿಂದಲೋ ಕ್ಯಾನ್ಸರಿನಿಂದಲೋ ಎಂದು ತಿಳಿಯಲು ಎಂ.ಆರ್.ಐ. ಹೆಚ್ಚು ಸಹಾಯಕ. ಕ್ಯಾನ್ಸರ್ ಬಂದವರಿಗೆ, ವಾಸಿಯಾಗಿ ವರ್ಷಗಳಾದವರಿಗೂ ಸಹ, ಬೆನ್ನುನೋವಿನೊಡನೆ ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ತಡವಾದರೆ ಕಾಲುಗಳ ಶಕ್ತಿ ಮರಳದೇ ಹೋಗಬಹುದು.

ರಾಂಟ್‌ಜೆನ್ನರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ದೀರ್ಘಕಾಲ ಕಾಯಿಲೆಯಲ್ಲಿ ನರಳಿದ ಬರ್ತಾ 1919ರಲ್ಲಿ ತೀರಿಕೊಂಡರು. ಯುದ್ಧಾನಂತರದ ಬೆಲೆಯೇರಿಕೆಯಲ್ಲಿ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಅವರು ಕರುಳಿನ ಕ್ಯಾನ್ಸರಿನಿಂದ ಮೃತರಾದರು. ಗೀಸೆನ್‌ನಲ್ಲಿ ಅವರ ಸಮಾಧಿಯಿದೆ.